ಸಿಟ್ಟಿಗೊಂದು ಮುಖ

ನಡುದಾರಿಯ ಯಾವುದೋ ಒಂದು ವಿಮಾನ ನಿಲ್ದಾಣ. ಫಲಕದ ಮೇಲೆ ನಮ್ಮ ವಿಮಾನದ ಸಂಖ್ಯೆಯ ಎದುರಿಗೆ ‘ವಿಳಂಬ’ ಎಂದು ಮೂಡುತ್ತದೆ. ಕುಳಿತಿದ್ದವರು ಏಳುತ್ತೇವೆ. ಎದ್ದವರು ಕೌಂಟರಿನ ಕಡೆಗೆ ನಡೆಯುತ್ತೇವೆ. ಅಲ್ಲಿ ಸಮವಸ್ತ್ರದ ಹುಡುಗಿಯೊಬ್ಬಳು ನಿಂತಿದ್ದಾಳೆ. ವಿಮಾನವನ್ನು ತಡೆದವಳು ಅವಳಲ್ಲ; ಹೊರಡಿಸುವ ಶಕ್ತಿಯೂ ಅವಳಿಗಿಲ್ಲ. ಫಲಕಕ್ಕೆ ತಿಳಿದಿರುವಷ್ಟೇ ಅವಳಿಗೂ ತಿಳಿದಿದೆ. ಇದು ನಮಗೆ ಗೊತ್ತಿಲ್ಲದ ಸಂಗತಿಯೇನಲ್ಲ. ಆದರೂ ಸಾಲಿನಲ್ಲಿ ನಿಲ್ಲುತ್ತೇವೆ. ಸರದಿ ಬಂದಾಗ, ನಮಗಿಂತ ಮುಂಚೆ ನಿಂತವರು ಕೇಳಿದ ಪ್ರಶ್ನೆಯನ್ನೇ ಕೊಂಚ ಏರಿದ ಧ್ವನಿಯಲ್ಲಿ ಕೇಳುತ್ತೇವೆ. ಅವರಿಗೆ ಕೊಟ್ಟ ಉತ್ತರವನ್ನೇ ಅವಳು ಕೊಂಚ ತಗ್ಗಿದ ಧ್ವನಿಯಲ್ಲಿ ನಮಗೂ ಕೊಡುತ್ತಾಳೆ. ತಿರುಗಿ ಬಂದು ಕೂರುವಾಗ ನಮ್ಮ ತಿಳಿವಳಿಕೆ ಕಿಂಚಿತ್ತೂ ಹೆಚ್ಚಿರುವುದಿಲ್ಲ. ಎದೆ ಮಾತ್ರ ಸ್ವಲ್ಪ ಹಗುರಾಗಿರುತ್ತದೆ. ಆ ಅರೆನಿಮಿಷದಲ್ಲಿ ಆದದ್ದಾದರೂ ಏನು? ಒಳಗೆ ನೆಲೆಯಿಲ್ಲದೆ ಸುತ್ತುತ್ತಿದ್ದ ಸಿಟ್ಟಿಗೆ ಒಂದು ಮುಖ ಸಿಕ್ಕಿತು. ಅಷ್ಟೇ.

ಬೆಂಗಳೂರಿನಿಂದ ಅಮೆರಿಕದ ನಡುನಾಡಿನ ಒಂದು ಸಣ್ಣ ಊರಿಗೆ ಹೊರಟವರ ದಾರಿಯನ್ನು ನೆನೆಯೋಣ. ಮಗಳ ಬಾಣಂತನವೋ ಮೊಮ್ಮಗುವಿನ ಹುಟ್ಟುಹಬ್ಬವೋ ಕರೆದಿರುತ್ತದೆ. ದೇವನಹಳ್ಳಿಯಲ್ಲಿ ಅಪರಾತ್ರಿಯಲ್ಲಿ ವಿಮಾನ ಹತ್ತಬೇಕು. ಕೊಲ್ಲಿಯ ದೋಹಾಕ್ಕೋ ದುಬೈಗೋ ಸುಮಾರು 4 ಗಂಟೆ. ಅಲ್ಲಿ ಕಾಯುವುದು. ಅಲ್ಲಿಂದ ಷಿಕಾಗೊಗೆ 14-15 ಗಂಟೆ. ಮತ್ತೆ ಕಾಯುವುದು. ಆಮೇಲೊಂದು ಪುಟ್ಟ ವಿಮಾನ, ಕಡೆಗೆ ಅಳಿಯನ ಕಾರು. ಆಕಾಶದಲ್ಲಿರುವಷ್ಟು ಹೊತ್ತು ನಾವು ಬಹುಮಟ್ಟಿಗೆ ಶಾಂತರು. ಮೊಣಕಾಲು ಹಿಡಿದುಕೊಂಡಿದ್ದರೂ, ಪಕ್ಕದವರ ಮೊಣಕೈ ನಮ್ಮ ಸೀಮೆಯೊಳಗೆ ಬಂದಿದ್ದರೂ, ಒಂದು ಬಗೆಯ ಶರಣಾಗತಿ ತಾನಾಗಿ ಒದಗುತ್ತದೆ. ಇಳಿದು ಹೋಗುವಂತಿಲ್ಲ, ಆದ್ದರಿಂದ ಜಗಳಕ್ಕೂ ಅರ್ಥವಿಲ್ಲ. ಪರೀಕ್ಷೆ ಇರುವುದು ಸಂಧಿಗಳಲ್ಲಿ. ಒಂದು ಯಾನ ಮುಗಿದು ಇನ್ನೊಂದು ತೊಡಗುವ ಆ ನಡುವಿನ ಹೊತ್ತಿನಲ್ಲಿ ನಾವು ಯಾರಿಗೂ ಸೇರದವರು. ಹಿಂದಿನ ವಿಮಾನ ಕೈಬಿಟ್ಟಿದೆ, ಮುಂದಿನದು ಕೈಹಿಡಿದಿಲ್ಲ. ಬಿಚ್ಚಿದ ಬೆಲ್ಟನ್ನು ಮತ್ತೆ ಬಿಚ್ಚಬೇಕು, ತೋರಿಸಿದ ಪಾಸ್‌ಪೋರ್ಟನ್ನು ಮತ್ತೆ ತೋರಿಸಬೇಕು. ಇಲ್ಲಿಯ ಗಡಿಯಾರ ಒಂದು ಹೊತ್ತು ಹೇಳುತ್ತದೆ, ಕೈಗಡಿಯಾರ ಇನ್ನೊಂದು, ಹೊಟ್ಟೆ ಮತ್ತೊಂದು. ಇಂಥ ಸಂಧಿಗಳಲ್ಲೇ ಸಿಟ್ಟು ಹುಟ್ಟುತ್ತದೆ. ಹುಟ್ಟಿದ ಕೂಡಲೇ ಆಶ್ರಯ ಹುಡುಕುತ್ತದೆ.

ನೀರಿನ ಬಾಟಲಿಯ ಪ್ರಸಂಗ ಬಹಳ ಸಣ್ಣದು. ಒಂದು ನಿಲ್ದಾಣದ ಒಳಗೇ ದುಬಾರಿ ಬೆಲೆ ಕೊಟ್ಟು ಕೊಂಡ ನೀರು. ಎರಡು ಗುಟುಕು ಮಾತ್ರ ಕುಡಿದಿರುತ್ತೇವೆ. ಅಮೆರಿಕದ ವಿಮಾನದ ಗೇಟಿನ ಬಳಿ ಇನ್ನೊಂದು ತಪಾಸಣೆ. ಕೈಗವಸು ತೊಟ್ಟ ಯುವಕ ಅದನ್ನು ಎತ್ತಿ, ನಮ್ಮನ್ನೊಮ್ಮೆ ನೋಡಿ, ಪಕ್ಕದ ಡಬ್ಬಿಗೆ ಹಾಕುತ್ತಾನೆ. ನೀರು ತಾನೇ, ಹೋಗಲಿ ಎಂದು ಮನಸ್ಸು ಹೇಳುವುದಿಲ್ಲ. ಅವನ ಮುಖ ನಮ್ಮಲ್ಲಿ ಅಚ್ಚೊತ್ತುತ್ತದೆ. ಅವನಿಗೂ ಆ ಡಬ್ಬಿಗೂ ನಡುವೆ ಇರುವ ಕಾರಣ ಮಾತ್ರ ಕಾಣುವುದಿಲ್ಲ. 2006ರ ಆಗಸ್ಟ್‌ನಲ್ಲಿ ಲಂಡನ್ನಿನ ಪೊಲೀಸರು ಒಂದು ಸಂಚನ್ನು ಬಯಲಿಗೆಳೆದರು. ತಂಪು ಪಾನೀಯದ ಬಾಟಲಿಗಳಲ್ಲಿ ಸ್ಫೋಟಕ ದ್ರವ ಒಯ್ದು, ಅಟ್ಲಾಂಟಿಕ್ ದಾಟುವ ವಿಮಾನಗಳನ್ನು ನಡುಗಡಲಿನಲ್ಲಿ ಸಿಡಿಸುವ ಸಂಚು ಅದು. ಯಾವ ವಿಮಾನವೂ ಸಿಡಿಯಲಿಲ್ಲ. ನಡೆಯದೇ ಉಳಿದ ಆ ಅನಾಹುತದಿಂದ, ಕೈಚೀಲದಲ್ಲಿ 100 ಮಿಲಿಲೀಟರಿಗಿಂತ ಹೆಚ್ಚಿನ ದ್ರವ ಕೂಡದೆಂಬ ನಿಯಮ ಹುಟ್ಟಿತು. ನಡೆದ ಸಂಗತಿಯ ಮೇಲೆ ಸಿಟ್ಟಾಗುವುದು ಸುಲಭ. ನಡೆಯದ ಸಂಗತಿಯ ಮೇಲೆ ಸಿಟ್ಟಾಗುವುದು ಹೇಗೆ? ಆದ್ದರಿಂದ ಕೈಗವಸಿನ ಯುವಕನೇ ಸಾಕೆನ್ನುತ್ತದೆ ಮನಸ್ಸು.

ಕೊಬ್ಬರಿಯ ಪ್ರಸಂಗ ನಮಗೆ ಇನ್ನೂ ಹತ್ತಿರದ್ದು. ಮನೆಯಲ್ಲಿ ಮೂರು ದಿನ ತೂಗಿ ತೂಗಿ ತುಂಬಿದ ಸೂಟ್‌ಕೇಸ್. 23 ಕಿಲೋ ಎಂಬ ಮಿತಿಗೆ ಹೊಂದಿಸಲು ಒಂದು ಸೀರೆ ಹೊರಗೆ ಬಂದಿದೆ, ಒಂದು ಪೊಟ್ಟಣ ಕೋಡುಬಳೆ ಒಳಗೆ ಹೋಗಿದೆ. ಹುಳಿಪುಡಿ, ಚಟ್ನಿಪುಡಿ, ಹಪ್ಪಳ. ಅವುಗಳ ನಡುವೆ ಹಳೆಯ ಪಂಚೆಯಲ್ಲಿ ಸುತ್ತಿಟ್ಟ ತಿಪಟೂರು ಕಡೆಯ ಒಣಕೊಬ್ಬರಿ. ಲಗೇಜು ಒಪ್ಪಿಸಿ ನಿರಾಳವಾಗುವಷ್ಟರಲ್ಲಿ ಹೆಸರು ಹಿಡಿದು ಕರೆಯುತ್ತಾರೆ. ಸೂಟ್‌ಕೇಸ್ ಎಲ್ಲರೆದುರು ಬಾಯಿ ತೆರೆಯುತ್ತದೆ. ಸಂಸಾರದ ಒಳಗುಟ್ಟೆಲ್ಲ ಮೇಜಿನ ಮೇಲೆ ಬೀಳುತ್ತದೆ. ತಪಾಸಣೆಯ ಹುಡುಗ ಪಂಚೆಯ ಗಂಟು ಬಿಚ್ಚಿ ಕೊಬ್ಬರಿ ಗಿಟಕುಗಳನ್ನು ಒಂದೊಂದಾಗಿ ಹೊರಗಿಡುತ್ತಾನೆ. ‘ಇದು ಕೊಬ್ಬರಿ ಕಣಪ್ಪ, ಬಾಂಬಲ್ಲ’ ಎಂದು ಹಿರಿಯರು ಹೇಳುತ್ತಾರೆ. ಸುತ್ತಲಿನವರು ನಗುತ್ತಾರೆ. ಹುಡುಗನೂ ನಗುತ್ತಾನೆ, ಆದರೆ ಕೊಬ್ಬರಿಯನ್ನು ಹಿಂದಕ್ಕೆ ಇಡುವುದಿಲ್ಲ. ಒಣಕೊಬ್ಬರಿಯಲ್ಲಿ ಎಣ್ಣೆಯ ಅಂಶ ಬಹಳ; ಒತ್ತಾಗಿ ಮುಚ್ಚಿಟ್ಟ ಜಾಗದಲ್ಲಿ ತಾನೇ ಬಿಸಿಯೇರಿ ಉರಿದೇಳುವ ಸ್ವಭಾವ ಅದಕ್ಕುಂಟು. ಆದಕಾರಣ ಅದು ವಿಮಾನದ ಹೊಟ್ಟೆಯೊಳಗೆ ಹೋಗುವ ಸಾಮಾನಿನಲ್ಲಿ ನಿಷಿದ್ಧ. ಕಲ್ಪವೃಕ್ಷದ ಫಲದೊಳಗೆ ಅಗ್ನಿ ಅಡಗಿದೆಯೆಂದು ನಮ್ಮ ಅಜ್ಜಿಯರು ಹೇಳಿರಲಿಲ್ಲ. ರಸಾಯನಶಾಸ್ತ್ರಕ್ಕೆ ಮುಖವಿಲ್ಲ, ಹುಡುಗನಿಗಿದೆ. ದೋಹಾ ತಲುಪುವವರೆಗೂ ನಾವು ಅವನನ್ನೇ ಬೈಯುತ್ತಿರುತ್ತೇವೆ.

ಇನ್ನು ವಿಳಂಬ. ಅದರ ವಂಶಾವಳಿಯನ್ನು ಹುಡುಕುತ್ತ ಹೋದರೆ ಮೂಲಪುರುಷ ಸಿಗುವುದಿಲ್ಲ. ನಾವು ಹತ್ತಬೇಕಾದ ವಿಮಾನ ಬೆಳಗ್ಗೆ ಬೇರೊಂದು ಊರಿನಲ್ಲಿತ್ತು, ಹಿಂದಿನ ರಾತ್ರಿ ಮತ್ತೊಂದರಲ್ಲಿ. ದೆಹಲಿಯ ಪೌಷಮಾಸದ ಮಂಜು ಅದನ್ನು ಎರಡು ಗಂಟೆ ಹಿಡಿದಿಟ್ಟಿತೆನ್ನೋಣ. ಆ ಎರಡು ಗಂಟೆ ಅಪ್ಪ ಮಾಡಿದ ಸಾಲದ ಹಾಗೆ ಮುಂದಿನ ಯಾನಕ್ಕೆ ದಾಟುತ್ತದೆ, ಅಲ್ಲಿಂದ ಅದರ ಮುಂದಿನದಕ್ಕೆ. ಒಂದೊಂದು ಊರಿನಲ್ಲೂ ಬಡ್ಡಿ ಸೇರುತ್ತದೆ. ಏರುವ ಸರದಿ ತಪ್ಪಿದ ವಿಮಾನಕ್ಕೆ ಹೊಸ ಸರದಿ ಬರಬೇಕು. ಅಷ್ಟರೊಳಗೆ ಪೈಲಟ್ಟಿನ ಕೆಲಸದ ಅವಧಿ ಮುಗಿದಿರುತ್ತದೆ. ದಣಿದವರು ವಿಮಾನ ನಡೆಸಬಾರದೆಂದು ಕಾನೂನೇ ಇದೆ. ಬೇರೆಯವರನ್ನು ಕರೆಸಬೇಕು. ಅತ್ತ ಪಶ್ಚಿಮಕ್ಕೆ ಹಾರುವವರಿಗೆ ಆಕಾಶದ ಮೇಲ್ಪದರದ ಗಾಳಿ ಎದುರಾಗುತ್ತದೆ. ಚಳಿಗಾಲದ ಷಿಕಾಗೊದಲ್ಲಿ ರೆಕ್ಕೆಗೆ ಹಿಡಿದ ಹಿಮವನ್ನು ದ್ರವ ಸಿಂಪಡಿಸಿ ತೊಳೆಯುವವರೆಗೆ ಯಾವ ವಿಮಾನವೂ ಏಳುವಂತಿಲ್ಲ. ಎಲ್ಲಿಯೋ ಎರಡು ದೇಶಗಳು ಮುನಿಸಿಕೊಂಡು ತಮ್ಮ ಆಕಾಶವನ್ನು ಮುಚ್ಚಿಕೊಂಡಿದ್ದರೆ ಸುತ್ತುದಾರಿ ಹಿಡಿಯಬೇಕು. ಮಂಜು, ಗಾಳಿ, ಹಿಮ, ಕಾನೂನು, ಕಲಹ. ಇವುಗಳಲ್ಲಿ ಯಾವುದೂ ಕೌಂಟರಿನ ಹಿಂದೆ ಬಂದು ನಿಲ್ಲುವುದಿಲ್ಲ. ಅಲ್ಲಿ ನಿಲ್ಲುವವಳು ತಿಂಗಳ ಸಂಬಳಕ್ಕೆ ಬಂದ ಹುಡುಗಿ.

2010ರ ಏಪ್ರಿಲ್ ನೆನಪಾಗುತ್ತದೆ. ಐಸ್‌ಲ್ಯಾಂಡಿನ ಏಯಾಫ್ಯಾಟ್ಲಾಯೋಕುತ್ಲ್ ಜ್ವಾಲಾಮುಖಿ ಬೂದಿ ಕಾರಿತು. ಬೈಯಬೇಕೆಂದರೂ ನಾಲಿಗೆ ಹೊರಳದ ಹೆಸರು. ಯುರೋಪಿನ ಬಹುಭಾಗದ ಆಕಾಶವನ್ನು ಹೆಚ್ಚುಕಡಿಮೆ ಆರು ದಿನ ಮುಚ್ಚಬೇಕಾಯಿತು. ಸುಮಾರು 1 ಲಕ್ಷ ಹಾರಾಟಗಳು ರದ್ದಾದವು. ಕೋಟಿಯಷ್ಟು ಜನ ಸಿಕ್ಕಿದಲ್ಲೇ ಉಳಿದರು. ಬೂದಿ ಎಂಜಿನ್ನಿನೊಳಗೆ ಕರಗಿ ಗಾಜಾಗುತ್ತದೆ. 1982ರಲ್ಲಿ ಜಾವಾದ ಬಳಿ ಬೂದಿಯ ಮೋಡ ಹೊಕ್ಕ ವಿಮಾನವೊಂದರ ನಾಲ್ಕೂ ಎಂಜಿನ್ನುಗಳು ನಿಂತು, ಅದು ಕೆಳಗಿಳಿದ ಮೇಲೆ ಮತ್ತೆ ಚಾಲೂ ಆಗಿ ಎಲ್ಲರೂ ಬದುಕಿದ್ದುಂಟು. ಕಾರಣ ಇಷ್ಟು ಸ್ಪಷ್ಟ, ಕರ್ತೃ ಇಷ್ಟು ಅಮಾನುಷ. ಭೂಮಿಯ ಗರ್ಭ ಕುದಿದರೆ ಯಾರೇನು ಮಾಡಿಯಾರು? ಆದರೂ ಎರಡು ಮೂರು ದಿನ ಕಳೆಯುವುದರೊಳಗೆ ವಿಮಾನ ಕಂಪನಿಗಳು ಸರ್ಕಾರಗಳ ಮೇಲೆ ಹರಿಹಾಯ್ದವು. ಅತಿ ಎಚ್ಚರಿಕೆಯಿಂದ ನಷ್ಟವಾಯಿತೆಂದವು. ಆಕ್ಷೇಪದಲ್ಲಿ ಹುರುಳಿತ್ತೋ ಇಲ್ಲವೋ, ಅದು ತಜ್ಞರ ಮಾತು. ನಮಗೆ ಕಾಣುವುದು ಇಷ್ಟು: ಜ್ವಾಲಾಮುಖಿಯ ವಿಷಯದಲ್ಲಿ ಕೂಡ ಮನುಷ್ಯ ಕೊನೆಗೊಂದು ಮುಖವನ್ನು ಹುಡುಕಿಕೊಂಡ.

ಏಕೆ ಹೀಗೆ? ದುಃಖವನ್ನು ಸಹಿಸುವ ಶಕ್ತಿ ನಮ್ಮಲ್ಲಿ ಧಾರಾಳವಾಗಿದೆ. ಕರ್ತೃವಿಲ್ಲದ ದುಃಖವನ್ನು ಸಹಿಸುವುದೇ ಕಠಿಣ. ಯಾರೋ ಬೇಕೆಂದೇ ತೊಂದರೆ ಕೊಟ್ಟರೆಂದರೆ ನೋವಿದ್ದರೂ ಒಂದು ಸಮಾಧಾನವಿದೆ. ನಾವು ಯಾರದೋ ಗಮನದಲ್ಲಿದ್ದೇವೆ. ಯಾರೂ ಬೇಕೆಂದು ಮಾಡಿಲ್ಲ, ಸುಮ್ಮನೆ ಹಾಗಾಯಿತು ಎಂದರೆ, ನಾವು ಯಾರ ಲೆಕ್ಕದಲ್ಲಿಯೂ ಇಲ್ಲವೆಂದಾಯಿತು. ಇದು ಸಣ್ಣ ಭಯವಲ್ಲ. ನಮ್ಮ ಹಿಂದಿನವರಿಗೂ ಈ ಭಯವಿತ್ತು. ಅವರು ಅದಕ್ಕೆ ಬೇರೆ ಏರ್ಪಾಡು ಮಾಡಿಕೊಂಡಿದ್ದರು. ಪ್ರಯಾಣ ಕೆಟ್ಟರೆ ರಾಹುಕಾಲದಲ್ಲಿ ಹೊರಟದ್ದು ತಪ್ಪಾಯಿತು, ವಾರಶೂಲೆ ನೋಡಲಿಲ್ಲ, ಬೆಕ್ಕು ಅಡ್ಡ ಬಂತು, ಶನಿಕಾಟ, ಗ್ರಹಚಾರ, ಹಣೆಬರಹ. ನಾವು ಇವನ್ನು ಮೂಢನಂಬಿಕೆ ಎನ್ನುತ್ತೇವೆ, ಹೌದು, ಇರಬಹುದು. ಆದರೆ ಆ ವ್ಯವಸ್ಥೆಯಲ್ಲಿ ಒಂದು ಸೌಜನ್ಯವಿತ್ತು. ಶನಿಮಹಾರಾಜನಿಗೆ ಎಷ್ಟು ಬೈದರೂ ಅವನ ಕಣ್ಣಲ್ಲಿ ನೀರು ಬರುವುದಿಲ್ಲ. ಅವನ ಹೆಗಲು ದೊಡ್ಡದು; ನಮ್ಮೆಲ್ಲರ ಸಿಟ್ಟನ್ನು ಹೊತ್ತು ಅವನು ತನ್ನ ಮಂದಗತಿಯಲ್ಲೇ ನಡೆಯುತ್ತಿದ್ದ. ಅವನನ್ನು ನಾವು ಸೇವೆಯಿಂದ ಬಿಡಿಸಿದೆವು. ಅವನ ಜಾಗಕ್ಕೆ ಬಂದವಳು ಕೌಂಟರಿನ ಹುಡುಗಿ. ಅವಳ ಹೆಗಲಿಗೆ ಅಷ್ಟು ಅಗಲವಿಲ್ಲ.

ಕೌಂಟರು ದೂರವಿದ್ದಾಗ ಸಿಟ್ಟು ಇನ್ನೂ ಸಮೀಪದ ಮುಖವನ್ನು ಆರಿಸಿಕೊಳ್ಳುತ್ತದೆ. ಗಂಡ ಹೆಂಡತಿ ಜೊತೆಯಾಗಿ ಪಯಣಿಸುವುದನ್ನು ಇಂಥ ನಿಲ್ದಾಣದಲ್ಲಿ ನೋಡಬೇಕು. ದಾಖಲೆಗಳ ಒಂದು ಪ್ಲಾಸ್ಟಿಕ್ ಫೈಲು. ಅದರಲ್ಲಿ ಪಾಸ್‌ಪೋರ್ಟು, ವಿಮೆಯ ಕಾಗದ, ಮಗಳ ಮನೆಯ ವಿಳಾಸ, ಔಷಧಿಗಳ ಚೀಟಿ. ‘ಫೈಲೆಲ್ಲಿಟ್ಟೆ?’ ‘ನಿಮ್ಮ ಕೈಗೇ ಕೊಟ್ಟಿದ್ದೆನಲ್ಲ.’ ‘ಯಾವಾಗ ಕೊಟ್ಟೆ?’ ‘ಕಾಫಿ ಕುಡಿಯೋವಾಗ.’ ‘ಕಾಫಿ ಕುಡಿಯೋವಾಗ ಕೈಯಲ್ಲಿ ಕಾಫಿ ಇತ್ತು, ಫೈಲು ಹೇಗೆ ಹಿಡಿಯಲಿ?’ ನಲವತ್ತು ವರ್ಷದ ದಾಂಪತ್ಯ ಒಂದು ಫೈಲಿನ ಸುತ್ತ ನಿಂತುಬಿಡುತ್ತದೆ. ಫೈಲು ಬ್ಯಾಗಿನ ಹೊರಜೇಬಿನಲ್ಲೇ ಇರುತ್ತದೆ. ಅದು ಸದಾ ಅಲ್ಲೇ ಇರುತ್ತದೆ. ಸಿಕ್ಕಿದ ಮೇಲೆ ಇಬ್ಬರೂ ಮಾತಾಡುವುದಿಲ್ಲ. ಆ ಮೌನದಲ್ಲಿ ಹಗೆಯಿಲ್ಲ. ತಾವಿಬ್ಬರೂ ಒಂದೇ ಸಂಗತಿಗೆ ಹೆದರಿದ್ದೆವು ಎಂಬುದು ಇಬ್ಬರಿಗೂ ತಿಳಿದಿದೆ: ಭಾಷೆ ಗೊತ್ತಿಲ್ಲದ ನೆಲದಲ್ಲಿ ಕಾಗದವಿಲ್ಲದೆ ಉಳಿದುಬಿಡುವುದು. ಆ ಹೆದರಿಕೆಗೂ ಮುಖವಿರಲಿಲ್ಲ. ಹತ್ತಿರವಿದ್ದ ಪ್ರೀತಿಯ ಮುಖವನ್ನೇ ಅದು ಎರವಲು ಪಡೆಯಿತು.

ಕೋಪ ಕುರುಡು ಎಂದು ನಾವು ಹೇಳಿಕೊಳ್ಳುತ್ತೇವೆ. ವಿಮಾನ ನಿಲ್ದಾಣದಲ್ಲಿ ನಿಂತು ನೋಡಿದರೆ ಆ ಮಾತಿನಲ್ಲಿ ಅನುಮಾನ ಹುಟ್ಟುತ್ತದೆ. ಷಿಕಾಗೊದಲ್ಲಿ ಇಳಿಯುತ್ತೇವೆ. ಇಮಿಗ್ರೇಷನ್ನಿನ ಸಾಲು ಹಾವಿನ ಹಾಗೆಯೂ ಅಲ್ಲ, ಅದಕ್ಕೆ ಬಾಲವೇ ಕಾಣುವುದಿಲ್ಲ. ಒಂದು ಗಂಟೆ, ಕೆಲವೊಮ್ಮೆ ಎರಡು ಗಂಟೆ. ಕಾಲು ಬಾತಿವೆ, ನಿದ್ರೆ ಕೆಟ್ಟಿದೆ, ಮುಂದಿನ ವಿಮಾನದ ಹೊತ್ತು ಹತ್ತಿರವಾಗುತ್ತಿದೆ. ಸಿಟ್ಟಿಗೆ ಬೇಕಾದ ಸಾಮಗ್ರಿಯೆಲ್ಲ ಇಲ್ಲಿದೆ. ಆದರೆ ಗಾಜಿನ ಗೂಡಿನ ಅಧಿಕಾರಿಯ ಎದುರು ಬಂದ ಕೂಡಲೇ ನಾವು ಪರಮ ವಿನೀತರು. ಬಲಗೈಯ ನಾಲ್ಕು ಬೆರಳು ಎಂದರೆ ಬಲಗೈಯ ನಾಲ್ಕು ಬೆರಳು. ಹೆಬ್ಬೆರಳು ಎಂದರೆ ಹೆಬ್ಬೆರಳು. ಏಕೆ ಬಂದಿರಿ ಎಂದು ಕೇಳಿದರೆ, ತಡವಾಯಿತೇಕೆ ಎಂದು ನಾವು ತಿರುಗಿ ಕೇಳುವುದಿಲ್ಲ. ಬಡವನ ಸಿಟ್ಟು ದವಡೆಗೆ ಮೂಲ ಎಂಬ ಗಾದೆ ಆ ಸಾಲಿನಲ್ಲಿ ಯಾರೂ ಹೇಳಿಕೊಡದೆಯೂ ನೆನಪಿರುತ್ತದೆ. ಹಾಗಾದರೆ ನಮ್ಮ ಕೋಪಕ್ಕೆ ಕಣ್ಣುಗಳಿವೆ. ತಿರುಗಿ ಹೊಡೆಯದ ಮುಖ ಯಾವುದು, ಹೊಡೆಯಬಲ್ಲ ಮುಖ ಯಾವುದು ಎಂಬ ವಿವೇಚನೆ ಅದಕ್ಕೆ ಚೆನ್ನಾಗಿ ಇದೆ. ಈ ವಿವೇಚನೆ ದುಷ್ಟತನವೇನಲ್ಲ. ದುರ್ಬಲರು ಉಳಿದುಕೊಂಡದ್ದೇ ಹೀಗೆ. ಒಮ್ಮೆ ಕಂಡ ಮೇಲೆ ಮಾತ್ರ ಅದನ್ನು ಕಾಣದಂತೆ ಇರುವುದು ಕಷ್ಟ.

ಇದೇ ನಿಲ್ದಾಣಗಳಲ್ಲಿ ಸಿಟ್ಟಿಲ್ಲದ ಒಂದು ಮೂಲೆಯೂ ಇದೆ. ವೀಲ್‌ಚೇರ್ ಕೋರಿದ ಹಿರಿಯರನ್ನು ಸಾಲಾಗಿ ಕೂರಿಸುವ ಜಾಗ ಅದು. ಅವರಲ್ಲಿ ಕೆಲವರಿಗೆ ಕಾಲುನೋವು. ಇನ್ನು ಕೆಲವರಿಗೆ ಇಂಗ್ಲಿಷ್ ಬಾರದೆಂಬುದೇ ನೋವು. ದಾರಿ ತಪ್ಪದಿರಲೆಂದು ಮಕ್ಕಳು ಅವರಿಗೆ ಗಾಲಿಕುರ್ಚಿ ಬರೆಸಿರುತ್ತಾರೆ. ಯಾರು ಕರೆದೊಯ್ಯುತ್ತಾರೆ, ಯಾವಾಗ ಕರೆದೊಯ್ಯುತ್ತಾರೆ, ಅವರಿಗೆ ತಿಳಿಯದು. ತಿಳಿಯದ ಕಾರಣ ಕೇಳುವುದೂ ಇಲ್ಲ. ಹೊತ್ತು ಕಳೆಯಲು ಪಕ್ಕದ ಕುರ್ಚಿಯವರ ಸೀರೆಯ ಅಂಚನ್ನು ನೋಡುತ್ತಾರೆ, ಕಿವಿಯ ಓಲೆಯನ್ನು ನೋಡುತ್ತಾರೆ, ಆಮೇಲೆ ಅಳುಕುತ್ತ ಕೇಳುತ್ತಾರೆ: ‘ಕನ್ನಡದೋರಾ?’ ದಾವಣಗೆರೆಯವರೆಂದು ತಿಳಿಯುತ್ತದೆ, ಇವರು ಚನ್ನಗಿರಿಯವರು. ಚನ್ನಗಿರಿಯಲ್ಲಿ ಯಾರ ಮನೆ ಎಂಬಲ್ಲಿಗೆ ಮಾತು ಮುಟ್ಟುವಾಗ ಕುರ್ಚಿ ತಳ್ಳುವ ಹುಡುಗ ಬರುತ್ತಾನೆ. ಕೊಲ್ಲಿಯಲ್ಲಾದರೆ ಅವನು ಬಹುಮಟ್ಟಿಗೆ ನೇಪಾಳದವನೋ ಬಾಂಗ್ಲಾದವನೋ ಕೆನ್ಯಾದವನೋ ಆಗಿರುತ್ತಾನೆ. ಅವನಿಗೂ ಮನೆ ದೂರ. ಅವನು ‘ಅಮ್ಮಾ’ ಅನ್ನುವುದನ್ನು ಹೇಗೋ ಕಲಿತುಕೊಂಡಿದ್ದಾನೆ. ಇಷ್ಟೇ ಸಾಕಾಗುತ್ತದೆ. ತಡವಾದ ವಿಮಾನ ಆ ಮೂಲೆಯಲ್ಲಿಯೂ ತಡವೇ. ಆದರೆ ಅಲ್ಲಿ ಮುಖಗಳಿಗೆ ಬೇರೆ ಕೆಲಸ ಸಿಕ್ಕಿದೆ.

ಷಿಕಾಗೊಗೆ ಹೊರಟ ಇನ್ನೊಬ್ಬ ಯಾತ್ರಿಕರ ದಾರಿ ಇದಕ್ಕಿಂತ ಬಹಳ ಉದ್ದವಾಗಿತ್ತು. ಹಿಂದಿನ ವರ್ಷ ಮೈಸೂರಿನಲ್ಲಿ ಚಾಮರಾಜೇಂದ್ರ ಒಡೆಯರ ಆತಿಥ್ಯ ಪಡೆದಿದ್ದ ವಿವೇಕಾನಂದರು 1893ರ ಮೇ 31ರಂದು ಮುಂಬಯಿಯಲ್ಲಿ ಹಡಗು ಹತ್ತಿದರು. ಕೊಲಂಬೊ, ಪಿನಾಂಗ್, ಸಿಂಗಪುರ, ಹಾಂಗ್‌ಕಾಂಗ್, ನಾಗಾಸಾಕಿ, ಕೋಬೆ. ಯೊಕೊಹಾಮದಲ್ಲಿ ಬೇರೆ ಹಡಗು. ಶಾಂತಸಾಗರದ ಚಳಿಗೆ ತಕ್ಕ ಉಡುಪು ಅವರ ಬಳಿ ಇರಲಿಲ್ಲ. ವ್ಯಾಂಕೂವರಿನಲ್ಲಿಳಿದು ರೈಲು ಹಿಡಿದು, ಜುಲೈ 30ರಂದು ಷಿಕಾಗೊ ಸೇರಿದರು. ಎರಡು ತಿಂಗಳ ದಾರಿ. ಸೇರಿದ ಮೇಲೆ ತಿಳಿದದ್ದು: ಸರ್ವಧರ್ಮ ಸಮ್ಮೇಳನ ಸೆಪ್ಟೆಂಬರಿನಲ್ಲಿ; ಪರಿಚಯಪತ್ರವಿಲ್ಲದವರಿಗೆ ಅಲ್ಲಿ ಪ್ರವೇಶವಿಲ್ಲ. ಕೈಯಲ್ಲಿದ್ದ ಹಣ ಕರಗುತ್ತಿತ್ತು. ಖರ್ಚು ಕಡಿಮೆಯೆಂದು ಬಾಸ್ಟನ್ ಕಡೆಗೆ ಹೋದರು. ಅಲ್ಲಿ ಹಾರ್ವರ್ಡಿನ ಪ್ರಾಧ್ಯಾಪಕ ಜಾನ್ ಹೆನ್ರಿ ರೈಟ್ ಪರಿಚಯಪತ್ರ ಬರೆದುಕೊಟ್ಟರು. ಷಿಕಾಗೊಗೆ ಮರಳುವಾಗ ಹೋಗಬೇಕಾದ ಕಚೇರಿಯ ವಿಳಾಸವೇ ಕಳೆದುಹೋಗಿತ್ತು.

ಆ ರಾತ್ರಿ ಅವರು ರೈಲ್ವೆ ಯಾರ್ಡಿನ ಖಾಲಿ ವ್ಯಾಗನ್ನಿನಲ್ಲಿ ಮಲಗಿದರು. ಬೆಳಗ್ಗೆ ಎದ್ದು ಮನೆಯಿಂದ ಮನೆಗೆ ದಾರಿ ಕೇಳುತ್ತ ನಡೆದರು. ಬಾಗಿಲುಗಳು ಮುಚ್ಚಿಕೊಂಡವು, ಕೆಲವು ಮುಖದ ಮೇಲೆಯೇ. ಬಳಲಿ ರಸ್ತೆಯ ಬದಿಯಲ್ಲಿ ಕುಳಿತರು. ಎದುರಿನ ಮನೆಯ ಬಾಗಿಲು ತೆರೆಯಿತು. ಆ ಮನೆಯೊಡತಿ ಶ್ರೀಮತಿ ಹೇಲ್ ಹೊರಗೆ ಬಂದು, ತಾವು ಸಮ್ಮೇಳನಕ್ಕೆ ಬಂದವರೇ ಎಂದು ವಿಚಾರಿಸಿದರು. ಒಳಗೆ ಕರೆದು ಉಪಚರಿಸಿ, ತಾವೇ ಸಮ್ಮೇಳನದ ಕಚೇರಿಗೆ ಕರೆದೊಯ್ದರು. ಮುಂದೆ ವಿವೇಕಾನಂದರು ಅವರನ್ನು ತಾಯಿ ಎಂದೇ ಪತ್ರಗಳಲ್ಲಿ ಸಂಬೋಧಿಸಿದರು. ಸೆಪ್ಟೆಂಬರ್ 11ರ ಭಾಷಣವನ್ನು ಎಲ್ಲರೂ ನೆನೆಯುತ್ತಾರೆ. ನಮ್ಮ ಗಮನ ನಿಲ್ಲುವುದು ಅದಕ್ಕೆ ಮುಂಚಿನ ಆ ಬೀದಿಯ ಮೇಲೆ. ಅಷ್ಟು ಬಾಗಿಲು ಮುಚ್ಚಿದವರಲ್ಲಿ ಒಬ್ಬರ ಹೆಸರೂ ಉಳಿದಿಲ್ಲ. ಅವರೆಲ್ಲ ಅಂದು ಕೆಟ್ಟವರಾಗಿದ್ದರೆಂದು ಹೇಳಲಾಗದು. ಅಪರಿಚಿತ ಉಡುಪಿನ ಅಪರಿಚಿತ ಮನುಷ್ಯನಿಗೆ ಹೆದರಿದರು, ಅಷ್ಟೇ. ಮುಖವಾಗಿ ಉಳಿದವರು ಬಾಗಿಲು ತೆರೆದು ಹೊರಗೆ ಬಂದ ಒಬ್ಬರು. ನಮ್ಮ ಯಾನಗಳ ನೆನಪೂ ವರ್ಷಗಳ ಮೇಲೆ ಹೀಗೇ ಜರಡಿ ಹಿಡಿಯುತ್ತದೆಯೋ ಏನೋ. ಯಾವ ವಿಮಾನ ಎಷ್ಟು ತಡವಾಯಿತೆಂಬುದು ಮರೆತುಹೋಗಿರುತ್ತದೆ. ಗೇಟು ಬದಲಾದಾಗ ನಮ್ಮ ಚೀಲವನ್ನೂ ಎತ್ತಿಕೊಂಡು ಮುಂದೆ ನಡೆದ ಅಪರಿಚಿತ ವಿದ್ಯಾರ್ಥಿಯ ಮುಖ ಮಾತ್ರ ಹಾಗೆಯೇ ಇರುತ್ತದೆ.

ಕೊನೆಯ ಊರಿನಲ್ಲಿ ಇಳಿದಾಗ ಸೂಟ್‌ಕೇಸ್ ಬಂದಿರುವುದಿಲ್ಲ. ತಿರುಗುವ ಪಟ್ಟಿ ಖಾಲಿಯಾಗಿ, ಒಂದೆರಡು ಸುತ್ತು ಸುಮ್ಮನೆ ತಿರುಗಿ ನಿಲ್ಲುತ್ತದೆ. ಅಮೆರಿಕದಲ್ಲಿ ಮೊದಲು ಕಾಲಿಟ್ಟ ಊರಿನಲ್ಲೇ ಲಗೇಜನ್ನು ಪಡೆದು, ಕಸ್ಟಮ್ಸ್ ದಾಟಿಸಿ, ಮತ್ತೆ ಒಪ್ಪಿಸುವುದು ವಾಡಿಕೆ. ಅಲ್ಲಿಯೂ ಅದು ಕಂಡಿರಲಿಲ್ಲ, ಮುಂದಿನ ಊರಿನಲ್ಲಿ ಕೇಳಿ ಎಂದಿದ್ದರು. ಈಗ ಇಲ್ಲಿಯ ಕಿಟಕಿಯ ಮುಂದೆ ನಿಂತಿದ್ದೇವೆ. ಒಳಗಿನ ಹೆಂಗಸು ಗದರುವುದಿಲ್ಲ, ಸಂತೈಸುವುದೂ ಇಲ್ಲ. ಒಂದು ಹಾಳೆಯನ್ನು ಮುಂದಿಡುತ್ತಾಳೆ. ಲೋಕದ ಸಕಲ ಬಗೆಯ ಪೆಟ್ಟಿಗೆಗಳ ಚಿತ್ರ ಅದರಲ್ಲಿದೆ, ಪ್ರತಿಯೊಂದಕ್ಕೂ ಒಂದು ಸಂಖ್ಯೆ. ನಿಮ್ಮದು ಯಾವುದು, ತೋರಿಸಿ. ಇಲ್ಲಿ ನಮಗೊಂದು ವಿಚಿತ್ರ ಕಾದಿದೆ. ನಿನ್ನೆಯವರೆಗೆ ಮನೆಯ ನಡುಮನೆಯಲ್ಲಿದ್ದ ಸೂಟ್‌ಕೇಸ್. ಅದರ ಬಣ್ಣ ನೀಲಿಯೋ ಬೂದೋ, ಗಾಲಿ ಎರಡೋ ನಾಲ್ಕೋ ನೆನಪಾಗುವುದಿಲ್ಲ. ಹಿಡಿಗೆ ಕಟ್ಟಿದ ಕೆಂಪು ದಾರವೊಂದೇ ನೆನಪು. ಆ ಹಾಳೆಯಲ್ಲಿ ಕೆಂಪು ದಾರಕ್ಕೆ ಸಂಖ್ಯೆಯಿಲ್ಲ. ಒಳಗೇನಿದೆ ಎಂದು ಕೇಳುತ್ತಾಳೆ. ಹುಳಿಪುಡಿಗೆ ಇಂಗ್ಲಿಷಿನಲ್ಲಿ ಏನೆನ್ನಬೇಕೆಂದು ಗಂಡ ಹೆಂಡತಿಯ ಮುಖ ನೋಡುತ್ತಾನೆ. ಅವಳು ‘ಬಟ್ಟೆ ಅಂತ ಬರೆಸಿ’ ಅನ್ನುತ್ತಾಳೆ. ಹತ್ತು ಅಕ್ಷರ ಅಂಕಿಗಳ ಒಂದು ಗುರುತು ನಮ್ಮ ಕೈ ಸೇರುತ್ತದೆ. 1999ರ ಮಾಂಟ್ರಿಯಲ್ ಒಪ್ಪಂದದ ಪ್ರಕಾರ 21 ದಿನ ಕಳೆದರೂ ಬಾರದ ಸಾಮಾನನ್ನು ಕಳೆದುಹೋದದ್ದೆಂದೇ ಎಣಿಸಿ ಪರಿಹಾರ ಕೇಳಬಹುದು. ಭಾರತವೂ 2009ರಲ್ಲಿ ಆ ಒಪ್ಪಂದಕ್ಕೆ ಸೇರಿದೆ. ಕಾನೂನು ತಿಳಿದಾಗ ಮನಸ್ಸಿಗೆ ಸ್ವಲ್ಪ ಬಲ ಬರುತ್ತದೆ. ಮುಖ ಸಿಗದಿದ್ದರೂ ಹೊಣೆಗಾರರೊಬ್ಬರು ಎಲ್ಲೋ ಇದ್ದಾರೆ.

ಮಗಳ ಮನೆಯಲ್ಲಿ ಎರಡು ಹಗಲು ನಿದ್ದೆಯಾಗಿಯೂ ಎರಡು ರಾತ್ರಿ ಎಚ್ಚರವಾಗಿಯೂ ಕಳೆಯುತ್ತವೆ. ಅಲ್ಲಿಯ ಗಡಿಯಾರ ನಮ್ಮದಕ್ಕಿಂತ ಬೇಸಿಗೆಯಲ್ಲಿ ಹತ್ತೂವರೆ ಗಂಟೆ, ಚಳಿಗಾಲದಲ್ಲಿ ಹನ್ನೊಂದೂವರೆ ಗಂಟೆ ಹಿಂದೆ. ದೇಹ ಇದನ್ನು ಒಪ್ಪಲು ದಿನಗಳೇ ಬೇಕು. ಇರುಳು ಎರಡು ಗಂಟೆಗೆ ಹಸಿವಾಗುತ್ತದೆ. ಎಚ್ಚರವಾಗಿರುವ ಆ ಹೊತ್ತಿನಲ್ಲಿ ನಾವು ವಾಕ್ಯಗಳನ್ನು ಜೋಡಿಸುತ್ತೇವೆ. ಸೂಟ್‌ಕೇಸ್ ತರುವವನಿಗೆ ಹೇಳಬೇಕಾದ ಮಾತುಗಳು. ಇಂಗ್ಲಿಷಿನಲ್ಲಿ, ವ್ಯಾಕರಣ ತಪ್ಪದಂತೆ. ಮೂರನೆಯ ದಿನ ಮಧ್ಯಾಹ್ನ, ನಮ್ಮ ಒಡಲಿಗೆ ಗಾಢ ನಡುರಾತ್ರಿಯಾಗಿರುವಾಗ, ಕರೆಗಂಟೆ ಬಾರಿಸುತ್ತದೆ. ಬಾಗಿಲಲ್ಲಿ ಒಬ್ಬ ನಡುವಯಸ್ಸಿನವನು, ಅವನ ಪಕ್ಕದಲ್ಲಿ ನಮ್ಮ ಸೂಟ್‌ಕೇಸ್. ಅದು ಬೂದುಬಣ್ಣದ್ದು. ಅವನು ವಿಮಾನ ಕಂಪನಿಯವನಲ್ಲ. ಬಾಡಿಗೆಗೆ ಸಾಮಾನು ಮುಟ್ಟಿಸುವವನು. ಬೆಳಗ್ಗೆ ನಿಲ್ದಾಣದಲ್ಲಿ ಹನ್ನೆರಡು ಪೆಟ್ಟಿಗೆ ಹೇರಿಕೊಂಡು ಹೊರಟಿದ್ದಾನೆ, ನಮ್ಮದು ಒಂಬತ್ತನೆಯದು. ಹಿಡಿಗೆ ಅಂಟಿಸಿದ ಉದ್ದನೆಯ ಚೀಟಿಗಳನ್ನು ತಿರುವಿ, ಬಿ ಎಲ್ ಆರ್ ಅಂದರೆ ಯಾವ ಊರು ಎಂದು ಕೇಳುತ್ತಾನೆ. ಬೆಂಗಳೂರು, ಇಂಡಿಯಾ ಎಂದು ಹೇಳುತ್ತೇವೆ. ಅವನ ಹುಬ್ಬು ಮೇಲೇರುತ್ತದೆ. ಅಷ್ಟು ದೂರದಿಂದ, ಒಂದೇ ಒಂದು ದಾರ ಕಟ್ಟಿಕೊಂಡು, ಇಷ್ಟು ಬೇಗ ಬಂದುಬಿಟ್ಟಿತೇ ಎಂದು ಅವನು ನಿಜವಾಗಿಯೂ ಬೆರಗಾಗುತ್ತಾನೆ. ಜೋಡಿಸಿಟ್ಟ ವಾಕ್ಯಗಳಲ್ಲಿ ಇದಕ್ಕೆ ಹೊಂದುವ ಉತ್ತರ ಒಂದೂ ಇರುವುದಿಲ್ಲ. ಸಹಿ ಎಲ್ಲಿ ಹಾಕಬೇಕೆಂದು ಕೇಳುತ್ತೇವೆ.